ಕೈಗೆ ಕಟ್ಟಿದ ಮಗ

ಬಂಟ್ವಾಳದ ಸುತ್ತಿನ ತೋಟದ ಮನೆಗಳಲ್ಲಿ ಈಗ ಹೆಚ್ಚಾಗಿ ಇಬ್ಬರೇ ಇರುವುದು. ಮಕ್ಕಳು ಬೆಂಗಳೂರು ದಾಟಿ ದುಬೈಯೋ ಡಲ್ಲಾಸೋ ಸೇರಿರುತ್ತಾರೆ. ಹಿಂದೆ ರಜೆಗೆ ಬರುವಾಗ ಸೆಂಟು, ಟಾರ್ಚು ತರುತ್ತಿದ್ದವರು ಈಗ ತರುವುದೆಲ್ಲ ಆರೋಗ್ಯದ ಸಾಮಾನು: ಬೆರಳಿಗೆ ಕಚ್ಚಿಸುವುದು, ತೋಳಿಗೆ ಸುತ್ತುವುದು, ಮೇಲೆ ಹತ್ತಿ ನಿಲ್ಲುವುದು. ನಮ್ಮ ದೊಡ್ಡಪ್ಪನ ಕೈಗೂ ಒಂದು ವಾಚು ಬಂದಿದೆ. ಅದನ್ನು ದೊಡ್ಡಪ್ಪ ನೋಡುವುದು ಕಡಿಮೆ. ಅದೇ ದೊಡ್ಡಪ್ಪನನ್ನು ನೋಡುವುದು.

ಅದಕ್ಕೆ ಕಾಲು ಕಾಣುವುದಿಲ್ಲ. ಕೈ ಆಡಿದರೆ ಹೆಜ್ಜೆ ಎಂದು ಬರೆದುಕೊಳ್ಳುತ್ತದೆ. ಹಾಗಾಗಿ ಜಗಲಿಯಲ್ಲಿ ಕೂತು ಅಡಿಕೆ ಸುಲಿದ ದಿನ ದೊಡ್ಡಪ್ಪ ಬಿ.ಸಿ. ರೋಡಿನಿಂದ ಕಲ್ಲಡ್ಕಕ್ಕೆ ನಡೆದು, ಅಲ್ಲಿ ಕೆ.ಟಿ. ಚಹಾ ಕುಡಿದು ವಾಪಸು ಬಂದಷ್ಟು ಲೆಕ್ಕ. ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಎಡಿಸನ್ನಿನ ಕಾಲುದಾರಿಯಲ್ಲಿ ಮೊಮ್ಮಗನ ಗಾಡಿ ದೂಡುತ್ತಾ ನಡೆದದ್ದು ಮಾತ್ರ ಸರಿಯಾಗಿ ಲೆಕ್ಕಕ್ಕೆ ಸಿಗಲಿಲ್ಲ. ಗಾಡಿ ಹಿಡಿದ ಕೈ ಆಡುವುದಿಲ್ಲವಲ್ಲ. "ಇಲ್ಲಿ ಕೂತರೆ ನಡೆದ ಹಾಗೆ, ಅಲ್ಲಿ ನಡೆದರೆ ಕೂತ ಹಾಗೆ" ಎಂದು ದೊಡ್ಡಪ್ಪನ ತೀರ್ಪು.

ಅಲ್ಲಿಯ ತೂಕದ ಯಂತ್ರ ಅವರ ಬಿಎಂಐ 24 ಎಂದು ಹಸಿರು ತೋರಿಸಿತಂತೆ. 25 ಮುಟ್ಟದಿದ್ದರೆ ಅದಕ್ಕೆ ಎಲ್ಲರೂ ಕ್ಷೇಮ. ಹತ್ತಿದವರು ಯಾವ ಊರಿನವರೆಂದು ಅದು ಕೇಳುವುದಿಲ್ಲ. ನಮ್ಮವರು ಸಪೂರ ಕಂಡರೂ ಹೊಟ್ಟೆಯೊಳಗೆ ಕೊಬ್ಬು ಕೂಡಿಸಿಡುತ್ತಾರೆ, ಸಕ್ಕರೆ ಕಾಯಿಲೆ ಬೇಗ ಹಿಡಿಯುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಏಷ್ಯಾದವರು 23ಕ್ಕೇ ಎಚ್ಚರವಾಗಬೇಕೆಂದರು. ಹೀಗೆ ದೊಡ್ಡಪ್ಪ ನ್ಯೂಜೆರ್ಸಿಯಲ್ಲಿ ವಿಮಾನ ಹತ್ತುವಾಗ ಹದವಾದ ಆಳು, ಬಜ್ಪೆಯಲ್ಲಿ ಇಳಿಯುವಾಗ ದಪ್ಪ.

ಬಿದ್ದರೆ ಹೇಳುವ ವಿದ್ಯೆಯೂ ವಾಚಿನಲ್ಲುಂಟು. ಆಪಲ್ ಕಂಪನಿ 2018ರಲ್ಲಿ ಅದನ್ನು ತನ್ನ ವಾಚಿಗೆ ಸೇರಿಸಿತು. ಈಗ ಬೇರೆಯವರಲ್ಲೂ ಉಂಟು. ಬಿದ್ದವರು ಸುಮಾರು ಒಂದು ನಿಮಿಷ ಅಲುಗದಿದ್ದರೆ ವಾಚೇ ಸಹಾಯಕ್ಕೆ ಕರೆ ಮಾಡುತ್ತದೆ. ಒಳ್ಳೆಯದೇ. ಆದರೆ ದೊಡ್ಡಪ್ಪನದ್ದು, ಯಾವ ಕಂಪನಿಯದೋ, ಸೌದೆ ಒಡೆಯುವಾಗಲೂ ಬಿದ್ದಿರಾ ಎಂದು ಕೇಳಿತು. ಬೀಳದವರನ್ನು ಹಾಗೆ ಕೇಳುವುದು ಅಪಶಕುನವೆಂದು ದೊಡ್ಡಮ್ಮನ ತಕರಾರು. ನಿಜವಾಗಿ ಬೀಳುವ ಜಾಗ ಬಚ್ಚಲು. ಅಲ್ಲಿಗೆ ಹೋಗುವಾಗ ದೊಡ್ಡಪ್ಪ ವಾಚನ್ನು ಬೆಲೆಬಾಳುವ ವಸ್ತುವೆಂದು ಬಿಚ್ಚಿ ಮೊಳೆಗೆ ತೂಗುಹಾಕುತ್ತಾರೆ. ಆಟಿ ತಿಂಗಳ ಮಳೆಗೆ ಅಂಗಳವಿಡೀ ಪಾಚಿಯಾದಾಗ ದೊಡ್ಡಮ್ಮ ನಂಬುವುದು ಅಡ್ಡಕ್ಕೆ ಹಾಸಿದ ಅಡಿಕೆ ಸೋಗೆಯನ್ನು. ಅದು ಬಿದ್ದ ಮೇಲೆ ವರದಿ ಮಾಡುವುದಿಲ್ಲ, ಬೀಳಲಿಕ್ಕೇ ಬಿಡುವುದಿಲ್ಲ. ಹಿಂದೆಲ್ಲ ತೋಟದಾಚೆಗೆ 'ಕೂ' ಹಾಕಿ ಉತ್ತರ ಬಾರದಿದ್ದರೆ ನೆರೆಕರೆಯವರು ಓಡಿ ಬರುತ್ತಿದ್ದರು. ಈಗ ಸುದ್ದಿ ಎಡಿಸನ್ನಿಗೆ ಹೋಗಿ, ಅಲ್ಲಿಂದ ಅದೇ ನೆರೆಮನೆಗೆ ಫೋನು ಬರಬೇಕು. ಆ ಮನೆಯಲ್ಲೂ ಇಬ್ಬರೇ, ಅವರಿಗೂ ಮಂಡಿನೋವು.

ಬಿಪಿಯ ವಿಷಯ ಇನ್ನೂ ಸೂಕ್ಷ್ಮ. ಇಲ್ಲಿ ಬೆಳಿಗ್ಗೆ ಆರಕ್ಕೆ ತೋಳಿಗೆ ಪಟ್ಟಿ ಸುತ್ತಿದರೆ ಅಲ್ಲಿ ನಿನ್ನೆಯ ರಾತ್ರಿ ಎಂಟೂವರೆ, ಚಳಿಗಾಲವಾದರೆ ಏಳೂವರೆ. ಮಗ ವಿಡಿಯೋದಲ್ಲಿ ಹಾಜರು. ಡಾಕ್ಟರ ಬಿಳಿ ಕೋಟು ಕಂಡರೆ ಕೆಲವರ ಬಿಪಿ ಏರುವುದನ್ನು ವೈದ್ಯಶಾಸ್ತ್ರವೇ ಒಪ್ಪಿದೆ. ದೊಡ್ಡಪ್ಪನಿಗೆ ಮಗನ ಮುಖವೇ ಸಾಕು. "ಅಪ್ಪ, 150 ಉಂಟಲ್ಲ! ಉಪ್ಪಿನಕಾಯಿ ತಿಂದಿರಾ?" ಎಂಬ ವಿಚಾರಣೆಗೆ ಅದು 158 ಆಗುತ್ತದೆ. ಕರೆ ಮುಗಿದ ಮೇಲೆ ಬೆನ್ನು ಒರಗಿಸಿ ಐದು ನಿಮಿಷ ಸುಮ್ಮನೆ ಕೂತು ನೋಡಿದರೆ 134. ಅದರ ಫೋಟೋ ತೆಗೆದು ಕಳಿಸುತ್ತಾರೆ. ಮೋಸವಲ್ಲ, ಬಿಪಿ ನೋಡುವ ಸರಿಯಾದ ಕ್ರಮವೇ ಅದು. "ಅವನಿಗೆ ರಾತ್ರಿ ನಿದ್ದೆ ಬರಬೇಡವಾ?" ಎನ್ನುತ್ತಾರೆ. ಈ ಯಂತ್ರಗಳ ರೋಗಿ ನ್ಯೂಜೆರ್ಸಿಯಲ್ಲಿದ್ದಾನೆ, ಮದ್ದು ಬಂಟ್ವಾಳದಿಂದ ಹೋಗುತ್ತದೆ ಎಂದು ನನಗೆ ಗುಮಾನಿ.

ಕಳೆದ ರಜೆಯಲ್ಲಿ ದೊಡ್ಡಮ್ಮ ಮಗನನ್ನು ಕೇಳಿದರು, "ನಿನ್ನ ಕೈಯಲ್ಲೂ ಒಂದು ಉಂಟಲ್ಲ, ಅದು ನಮಗೆ ಕಾಣುವ ಹಾಗೆ ಮಾಡಲಿಕ್ಕೆ ಆಗುವುದಿಲ್ಲವಾ?" ಆಗುತ್ತದೆ. ಮಾಡಿಕೊಟ್ಟು ಹೋದ. ಮರುವಾರದಿಂದ ಫೋನು ಈ ಕಡೆಯಿಂದ ಶುರುವಾಯಿತು: "ಮಗಾ, ನಿನ್ನೆ ರಾತ್ರಿ ಒಂದೂವರೆವರೆಗೆ ಎಂತ ಮಾಡುತ್ತಿದ್ದಿ? ಶನಿವಾರ ಇಡೀ ದಿನ ಮುನ್ನೂರು ಹೆಜ್ಜೆಯಾ?"

ಈಗೀಗ ಅವನ ವಾಚಿನ ಚಾರ್ಜು ಬೇಗ ಮುಗಿಯುತ್ತದಂತೆ.