ಎಮ್ಮೆಯೂ ಹಾಜರ್ ಸಾ!

2020ರಲ್ಲಿ ಶಾಲೆಗೆ ಬೀಗ ಬಿದ್ದು ಚಂದನ ವಾಹಿನಿಯಲ್ಲಿ ಪಾಠ ಶುರುವಾದಾಗ ನಮ್ಮ ಹಿರೇಹಳ್ಳಿ ಕಡೆಯ ಅಜ್ಜಿಯರದು ಒಂದೇ ತಕರಾರು: ಹುಡುಗ ತೂಕಡಿಸಿದರೂ ಈ ಟಿವಿ ಮೇಷ್ಟ್ರು ಕಿವಿ ಹಿಂಡಲ್ಲ!

ಮೊಬೈಲ್ ಕ್ಲಾಸಂತೂ ಕೇಳಬೇಡಿ. ಹಾಜರಿ ಕೂಗಿದರೆ ಮೊದಲು ಓಗೊಡುವುದು ಹಿತ್ತಿಲ ಎಮ್ಮೆ. ‘ಯಾರ್ರೋ ಅದು, ಮ್ಯೂಟ್ ಮಾಡ್ಕೊಳ್ರೋ’ ಅಂದದ್ದೇ ತಡ, ಅಜ್ಜಿ ಎದ್ದುಹೋಗಿ ಅದರ ಮುಂದೆ ಒಂದು ಹೊರೆ ಹುಲ್ಲು ಚೆಲ್ಲಿ ಬಂದರು. ಕೆಲಸ ಆಯ್ತಲ್ಲ! ಫೋನೋ, ಮನೆಗೊಂದೇ. ಅಪ್ಪ ಇಂಡಸ್ಟ್ರಿಯಲ್ ಏರಿಯಾದ ಶಿಫ್ಟಿಗೆ ಹೊರಟರೆ ತ್ರಿಕೋನಮಿತಿಯೂ ಅವರ ಜೇಬಿನಲ್ಲೇ ಹೊರಡುತ್ತಿತ್ತು.

ಆಗಸ್ಟಿನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಬಂತು. ಮೇಷ್ಟ್ರೇ ಜಗುಲಿಗೆ, ಮರದಡಿಗೆ ಬಂದು ನಿಂತರು. ಹುಡುಗರ ಮುಖ ಸಪ್ಪಗಾಯಿತು: ‘ಇನ್ಮೇಲೆ ನೆಟ್‌ವರ್ಕ್ ಇರ್ಲಿಲ್ಲ ಅನ್ನಂಗಿಲ್ವಾ ಸಾ?’