ಒಂದು ವರ್ಷದ ಪೊಟೆನ್ಸಿ

ಮುಂಬಯಿಯ ವಿಕ್ರೋಳಿ ಪಾರ್ಕ್‌ಸೈಟ್‌ನ ಗುಡ್ಡ ಹತ್ತುವ ಗಲ್ಲಿಗಳಲ್ಲಿ ಸಂಜೆ ಏಳಾದರೆ ದವಾಖಾನೆಗಳ ಮುಂದೆ ಚಪ್ಪಲಿಗಳ ರಾಶಿ. ಬೋರ್ಡಿನಲ್ಲಿ ‘ಡಾಕ್ಟರ್’ ದೊಡ್ಡದು, ಹೋಮಿಯೋಪಥಿ ಪದವಿಯಾದ ‘ಬಿಎಚ್‌ಎಂಎಸ್’ ಚಿಕ್ಕದು. ಗಾಜಿನ ಕಪಾಟಿನಲ್ಲಿ ಸಕ್ಕರೆ ಗುಳಿಗೆಯ ಬಾಟಲಿಗಳು ಧೂಳು ಹಿಡಿದು ಸಾಲಾಗಿ ನಿಂತಿರುತ್ತವೆ. ಸಾಹೇಬರ ಕೈ ಹೋಗುವುದು ಮಾತ್ರ ಮೇಜಿನ ಡ್ರಾಯರಿಗೆ. ಅಲ್ಲಿ ಪ್ಯಾರಾಸಿಟಮಾಲ್, ಅಜಿತ್ರೊಮೈಸಿನ್. ತೀರಾ ಸುಸ್ತು ಎಂದವರಿಗೆ ಒಂದು ಬಾಟಲಿ ಸಲೈನ್. ಹೋಟೆಲಿನಲ್ಲಿ ದುಡಿಯುವ ನಮ್ಮ ಕುಂದಾಪುರದ ಹುಡುಗನಿಗೆ ಪಥಿ ಯಾವುದಾದರೇನು, ನಾಳೆ ಬೆಳಗಿನ ಪಾಳಿಗೆ ಜ್ವರ ಇಳಿದಿರಬೇಕು, ಅಷ್ಟೆ. ಎಂಬಿಬಿಎಸ್ ಓದಿದವರಂತೂ ಈ ಗುಡ್ಡ ಹತ್ತುವುದಿಲ್ಲ.

ಹೋಮಿಯೋಪಥಿಯ ಮೂಲಪುರುಷ ಹಾನಿಮನ್ ಪ್ರಕಾರ ಔಷಧವನ್ನು ತೆಳುಮಾಡಿ ಕುಲುಕಿದಷ್ಟೂ ಅದರ ಶಕ್ತಿ, ಅಂದರೆ ‘ಪೊಟೆನ್ಸಿ’, ಹೆಚ್ಚು. ‘30ಸಿ’ ಎಂದರೆ ನೂರಕ್ಕೆ ಒಂದರಂತೆ 30 ಸಲ ತೆಳುಮಾಡಿದ್ದು. 1ರ ಮುಂದೆ 60 ಸೊನ್ನೆ. ಆ ಹೊತ್ತಿಗೆ ಮೂಲ ವಸ್ತುವಿನ ಒಂದು ಅಣುವೂ ಬಾಟಲಿಯಲ್ಲಿ ಉಳಿದಿರುವುದಿಲ್ಲ. ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿ ಸಿಕ್ಕಿದ ಅಧ್ಯಯನಗಳನ್ನೆಲ್ಲ ಜಾಲಾಡಿ, ಇದರಿಂದ ಗುಣವಾಗುತ್ತದೆ ಎನ್ನಲು ನಂಬಬಹುದಾದ ಪುರಾವೆಯಿರುವ ಕಾಯಿಲೆ ಒಂದೂ ಇಲ್ಲ ಎಂದು 2015ರಲ್ಲಿ ಹೇಳಿತು.

ಮಹಾರಾಷ್ಟ್ರ ಸರಕಾರಕ್ಕೆ ಮಾತ್ರ ಹಾನಿಮನ್ ಮೇಲೆ ಪೂರ್ಣ ಭರವಸೆ. ಅವನ ಸೂತ್ರವನ್ನು ಅದು ಪಠ್ಯಕ್ರಮಕ್ಕೇ ಅನ್ವಯಿಸಿತು. ಆಧುನಿಕ ಔಷಧಶಾಸ್ತ್ರದಲ್ಲಿ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸು ಮುಗಿಸಿದ ಹೋಮಿಯೋಪಥರು ಅಲೋಪಥಿ ಮದ್ದು ಬರೆಯಬಹುದೆಂದು 2014ರಲ್ಲಿ ಕಾನೂನನ್ನೇ ತಿದ್ದಿತು. ಐದೂವರೆ ವರ್ಷದ ಎಂಬಿಬಿಎಸ್ಸನ್ನು ಒಂದು ವರ್ಷಕ್ಕೆ ತೆಳುಮಾಡಿ ಕುಲುಕಿದರೆ ಪೊಟೆನ್ಸಿ ಎಷ್ಟಾಗಿರಬೇಡ! ಅಂದಹಾಗೆ, ಸಕ್ಕರೆ ಗುಳಿಗೆಗೇ ಜ್ವರ ಇಳಿಯುತ್ತಿದ್ದರೆ ಈ ಕೋರ್ಸಿಗೆ ಫೀಸು ಕಟ್ಟುವ ದರ್ದು ಯಾರಿಗಿತ್ತು? ಪುರಾವೆ ಕೇಳಿದರೆ ‘ನಮ್ಮ ವಿಜ್ಞಾನವೇ ಬೇರೆ’ ಎನ್ನುತ್ತಾರೆ. ಚೀಟಿ ಬರೆಯುವಾಗ ವಿಜ್ಞಾನ ಎಲ್ಲರ ಸೊತ್ತು.

ಇದೇ ಮುಂಬಯಿಯಲ್ಲಿ 1992ರಲ್ಲಿ ಹೋಮಿಯೋಪಥರೊಬ್ಬರು ಜ್ವರದ ರೋಗಿಗೆ ಅಲೋಪಥಿ ಮದ್ದು ಕೊಟ್ಟರು, ರೋಗಿ ತೀರಿಕೊಂಡರು. ತನಗೆ ತಿಳಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವವನು ನಕಲಿ ವೈದ್ಯನೇ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, ವಿಧವೆಗೆ 3 ಲಕ್ಷ ರೂಪಾಯಿ ಕೊಡಿಸಿತು. ಆ ‘ತಿಳಿಯದ’ ಎಂಬುದನ್ನು ಒಂದು ವರ್ಷದಲ್ಲಿ ಅಳಿಸುವ ಉಪಾಯವೇ ಈ ಕೋರ್ಸು.

ಕೋರ್ಸು ಮುಗಿಸಿದವರನ್ನು ಮೆಡಿಕಲ್ ಕೌನ್ಸಿಲ್ ರಿಜಿಸ್ಟರಿಗೆ ಸೇರಿಸಬಾರದೆಂದು 2025ರ ಸೆಪ್ಟೆಂಬರ್ 18ರಂದು ಅಲೋಪಥಿ ವೈದ್ಯರು ರಾಜ್ಯವಿಡೀ 24 ಗಂಟೆ ಮುಷ್ಕರ ಹೂಡಿದರು. ಸಿಟ್ಟು ನ್ಯಾಯವಾದದ್ದೇ. ಆದರೆ ರಾತ್ರಿ ಹನ್ನೊಂದರ ಮೇಲೆ ಉಪನಗರದ ಸಣ್ಣ ನರ್ಸಿಂಗ್ ಹೋಮುಗಳಿಗೆ ಒಮ್ಮೆ ಹೋಗಿ ಬನ್ನಿ. ಎಷ್ಟೋ ಕಡೆ ಡ್ಯೂಟಿ ಡಾಕ್ಟರ ಕುರ್ಚಿಯಲ್ಲಿ ಕೂತಿರುವುದು ಬಿಎಚ್‌ಎಂಎಸ್ಸೋ ಆಯುರ್ವೇದದ ಬಿಎಎಂಎಸ್ಸೋ. ಸಂಬಳ ಕಡಿಮೆ ಸಾಕಲ್ಲ! ಎಂ.ಡಿ. ಮಾಲೀಕರು ಮನೆಯಲ್ಲಿ ಮಲಗಿದಲ್ಲಿಂದಲೇ ಇಂಜೆಕ್ಷನ್ನಿನ ಹೆಸರನ್ನು ಫೋನಿನಲ್ಲಿ ಹೇಳುತ್ತಾರೆ. ಮುಷ್ಕರದ ರಾತ್ರಿ ಅಂಥ ವಾರ್ಡುಗಳನ್ನು ಕಾಯ್ದವರು ಯಾರಿದ್ದಾರು? ಪಾಪ, ಅವರು ಮುಷ್ಕರಕ್ಕೆ ಸೇರುವ ಹಾಗೂ ಇರಲಿಲ್ಲ, ರಿಜಿಸ್ಟರಿನಲ್ಲಿ ಹೆಸರಿಲ್ಲವಲ್ಲ.