ಗಡಿ ದಾಟದ ಹಸಿಮೆಣಸಿನಕಾಯಿ

ಕ್ಯಾರವಾನ್ ಎಳೆದುಕೊಂಡು ನಲ್ಲರ್ಬಾರ್ ಬಯಲು ದಾಟುವವರು ಕಾಂಗರೂ ಅಡ್ಡ ಬಂದೀತೆಂದು ಹೆದರುತ್ತಾರೆ. ನಮ್ಮ ಅಡಿಲೇಡ್ ಕನ್ನಡ ಬಳಗ ಹೆದರಿದ್ದು ತಪಾಸಣೆ ಗೇಟಿಗೆ. ಪಶ್ಚಿಮ ಆಸ್ಟ್ರೇಲಿಯಾದೊಳಕ್ಕೆ ಹಸಿ ತರಕಾರಿ, ಹಣ್ಣು, ಜೇನುತುಪ್ಪ ಒಯ್ಯುವಂತಿಲ್ಲ. ಅವುಗಳ ಜೊತೆ ಕೀಟ, ರೋಗ ಬಂದಾವೆಂಬ ಭಯ. ಸರಿ, ಗಡಿಗೆ ಮುಂಚೆಯೇ ಫ್ರಿಜ್ ಖಾಲಿ ಮಾಡುವ ಮಹಾಯಜ್ಞ. ಬದನೆ, ಹುರುಳಿಕಾಯಿ, ಕರಿಬೇವು, ಉಳಿದಷ್ಟೂ ಹಸಿಮೆಣಸಿನಕಾಯಿ ಒಂದೇ ಕುಕ್ಕರಿನ ಹುಳಿಗೆ ಬಿದ್ದವು. ಮೂರು ಸೀಟಿ ಕೂಗುವಷ್ಟರಲ್ಲಿ ಪಕ್ಕದ ಕ್ಯಾರವಾನಿನ ಅಜ್ಜ ಕೆಮ್ಮುತ್ತಾ ಕಿಟಕಿ ಮುಚ್ಚಿದ.

"ಬಾಳೆಹಣ್ಣು ಉಳೀತಲ್ರೋ, ತಿನ್ರೋ!"

"ನಾಲ್ಕು ತಿಂದೆ ಕಣಯ್ಯಾ, ಇನ್ನು ನನ್ನನ್ನೇ ಗೇಟಲ್ಲಿ ಹಿಡೀತಾರೆ!"

ಗಡಿ ದಾಟಿದರೆ ಯೂಕ್ಲಾ ಕಡೆಯ ಗಡಿಯಾರ 45 ನಿಮಿಷ ಹಿಂದೆ. ಕೈಗುನಾದಿಂದ ಮುಂದೆ ಮತ್ತೆ 45. ರಾಹುಕಾಲ ಯಾವ ಗಡಿಯಾರದ ಲೆಕ್ಕ ಎಂದು ಹಿಂದಿನ ಸೀಟಿನಲ್ಲಿ ಜಗಳ ಹತ್ತಿತು. ಸೂರ್ಯೋದಯ ನೋಡಿ ಲೆಕ್ಕ ಹಾಕಿ ಅಂದರೆ, ಅಷ್ಟು ಬೇಗ ಏಳುವ ಭೂಪ ಯಾರೂ ಇಲ್ಲ.

ಕೈಗುನಾದಿಂದ ಬಾಲಡೋನಿಯಾ ಕಡೆಗೆ 146.6 ಕಿ.ಮೀ. ರಸ್ತೆಯಲ್ಲಿ ಒಂದೇ ಒಂದು ತಿರುವಿಲ್ಲ. ಚಾರ್ಮಾಡಿ, ಆಗುಂಬೆ ಇಳಿದ ನಮಗೆ ಇದು ಶಿಕ್ಷೆಯೇ. ಅಂತ್ಯಾಕ್ಷರಿ 'ಳ'ಕಾರಕ್ಕೆ ಬಂದು ಸಿಕ್ಕಿಕೊಂಡಿತು, ರಸ್ತೆ ಮಾತ್ರ ಮುಗಿಯಲಿಲ್ಲ. ಎದುರಿನಿಂದ ರೋಡ್ ಟ್ರೈನ್, ಅಂದರೆ ಸಾಲು ಟ್ರೇಲರ್ ಎಳೆಯುವ ಉದ್ದನೆಯ ಲಾರಿ, ಬಂತು. ಚಾಲಕ ಸ್ಟೇರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳಿದ. ನಾವು ಇಡೀ ಬಳಗ ಎರಡೂ ಕೈ ಬೀಸಿದೆವು, ಡ್ರೈವರೂ ಸೇರಿ. ಆಮೇಲೆ ಬೈಗುಳ ತಿಂದದ್ದು ಅವನೊಬ್ಬನೇ.